ಹವಾಗುಣ ಬದಲಾವಣೆ: ವೈಜ್ಞಾನಿಕ ಒಮ್ಮತ ಮತ್ತು ರಾಜಕೀಯ ಸಂದೇಹ — ಕೋಲಾರ ಚಿನ್ನದ ಗಣಿ ಹಾಗೂ ಬಂಗಾರಪೇಟೆ ಸೀಮೆಯ ಉಲ್ಲೇಖದೊಂದಿಗೆ

ಭೂಮಿಯ ಸರಾಸರಿ ಉಷ್ಣತೆ ಏರುತ್ತಿದೆ, ಈ ಏರಿಕೆಗೆ ಮನುಷ್ಯರು ಉರಿಸುವ ಕಲ್ಲಿದ್ದಲು, ತೈಲ, ಅನಿಲಗಳೂ ಕಾಡಿನ ನಾಶವೂ ಮುಖ್ಯ ಕಾರಣ ಎಂಬುದು ವಿಜ್ಞಾನಿಗಳ ಒಮ್ಮತದ ತೀರ್ಮಾನ. ಇದನ್ನು ಅಧಿಕಾರ, ಆದಾಯ ಅಥವಾ ಸಿದ್ಧಾಂತದ ಕಾರಣಕ್ಕಾಗಿ ಅಲ್ಲಗಳೆಯುವ, ಮುಂದೂಡುವ, ಇಲ್ಲವೆ ಬಾಯಿಮಾತಿಗೆ ಒಪ್ಪಿಕೊಂಡು ಆಡಳಿತದ ನಿರ್ಧಾರಗಳಿಂದ ಹೊರಗಿಡುವ ಧೋರಣೆಯನ್ನು ರಾಜಕೀಯ ಸಂದೇಹ ಎಂದು ಕರೆಯಲಾಗುತ್ತದೆ. ಅಮೆರಿಕದಲ್ಲಿ ಇದು ಪಕ್ಷಗಳ ನಡುವಿನ ಬಹಿರಂಗ ವಿವಾದವಾಗಿ ಬೆಳೆದರೆ ಭಾರತದಲ್ಲಿ, ಅದರಲ್ಲೂ ಕರ್ನಾಟಕದಲ್ಲಿ, ಹವಾಗುಣ ಬದಲಾವಣೆಯೇ ಸುಳ್ಳೆಂದು ವಾದಿಸುವ ಪಕ್ಷ ಯಾವುದೂ ಇಲ್ಲ. ಇಲ್ಲಿನ ಸಂದೇಹ ನೀರಾವರಿ ಯೋಜನೆ, ನೆಡುತೋಪು, ಅರಣ್ಯ ವರದಿ ಮತ್ತು ಬರ ಪರಿಹಾರದ ಲೆಕ್ಕಾಚಾರಗಳಲ್ಲಿ ಕಾಣಿಸಿಕೊಳ್ಳುತ್ತದೆ. ಶಾಶ್ವತ ನದಿಯಿಲ್ಲದ ಕೋಲಾರ ಜಿಲ್ಲೆಯ ದಕ್ಷಿಣ ಭಾಗದಲ್ಲಿರುವ ಬಂಗಾರಪೇಟೆ ಹಾಗೂ ಕೋಲಾರ ಚಿನ್ನದ ಗಣಿ, ಅಂದರೆ ಜನರ ಬಾಯಲ್ಲಿ ಕೆಜಿಎಫ್, ಈ ಬಗೆಯ ಸಂದೇಹವನ್ನು ಅರಿಯಲು ತಕ್ಕ ಪ್ರದೇಶ. ಹವಾಗುಣ ಚರ್ಚೆಯಲ್ಲಿ ಪದೇ ಪದೇ ಪ್ರಸ್ತಾಪವಾಗುವ ವಿಶ್ವಕಿರಣಗಳ ಅಧ್ಯಯನಕ್ಕೆ ಇಲ್ಲಿನ ಗಣಿಗಳು ನೆಲೆಯಾಗಿದ್ದವು ಎಂಬುದು ಇನ್ನೊಂದು ಕಾರಣ.

ಪರಿಭಾಷೆ

ಒಂದು ದಿನ ಅಥವಾ ವಾರದ ಮಳೆ, ಬಿಸಿಲು, ಗಾಳಿಗಳ ಸ್ಥಿತಿ ಹವಾಮಾನವೆನಿಸಿದರೆ, ಮೂವತ್ತು ವರ್ಷ ಅಥವಾ ಅದಕ್ಕೂ ದೀರ್ಘ ಅವಧಿಯ ಸರಾಸರಿ ಮತ್ತು ಏರಿಳಿತಗಳ ಒಟ್ಟು ಚಿತ್ರ ಹವಾಗುಣವೆನಿಸುತ್ತದೆ. ವೈಜ್ಞಾನಿಕ ಒಮ್ಮತವನ್ನು ಯಾರೂ ಕೈಯೆತ್ತಿಸಿ ಎಣಿಸುವುದಿಲ್ಲ. ಬೇರೆ ಬೇರೆ ವಿಧಾನಗಳಿಂದ ಹೊರಟ ಸ್ವತಂತ್ರ ಅಧ್ಯಯನಗಳು ಒಂದೇ ಉತ್ತರದ ಕಡೆಗೆ ಬಂದು ಸೇರಿದಾಗ ತಜ್ಞರ ಸಮುದಾಯದಲ್ಲಿ ನೆಲೆಗೊಳ್ಳುವ ಸಹಮತಿ ಅದು, ಹೊಸ ಪುರಾವೆ ಬಂದರೆ ತಿದ್ದುಪಡಿಗೂ ತೆರೆದುಕೊಂಡಿರುತ್ತದೆ. ಸಂದೇಹ ವಿಜ್ಞಾನದ ದಿನನಿತ್ಯದ ಸಾಧನವೇ ಆಗಿರುವುದರಿಂದ, ಯಾವ ಸಂದೇಹ ವೈಜ್ಞಾನಿಕ, ಯಾವುದು ರಾಜಕೀಯ ಎಂಬುದನ್ನು ಬೇರ್ಪಡಿಸುವುದು ಅಗತ್ಯ. ಯಾವ ಅಳತೆ ಅಥವಾ ಪ್ರಯೋಗ ನಡೆದರೆ ತನಗೆ ಸಮಾಧಾನವಾಗುತ್ತದೆ ಎಂಬುದನ್ನು ವೈಜ್ಞಾನಿಕ ಸಂದೇಹ ಮೊದಲೇ ಹೇಳುತ್ತದೆ ಮತ್ತು ಆ ಅಳತೆ ಬಂದ ಬಳಿಕ ತನ್ನ ನಿಲುವನ್ನು ಬದಲಿಸಿಕೊಳ್ಳುತ್ತದೆ. ರಾಜಕೀಯ ಸಂದೇಹಕ್ಕೆ ಅಂಥ ಷರತ್ತಿರುವುದಿಲ್ಲ. ಒಂದು ಪ್ರಶ್ನೆಗೆ ಉತ್ತರ ದೊರೆತರೆ ಅದು ಮತ್ತೊಂದು ಪ್ರಶ್ನೆಗೆ ಜಾರಿಕೊಳ್ಳುತ್ತದೆ, ಏಕೆಂದರೆ ಅದಕ್ಕೆ ಬೇಕಾಗಿರುವುದು ಕಾಲಾವಕಾಶ. ಯಾವ ಪುರಾವೆಯನ್ನೂ ಲೆಕ್ಕಿಸದ ಕೊನೆಯ ಹಂತವನ್ನು ನಿರಾಕರಣವಾದ ಎನ್ನುತ್ತಾರೆ.

ಒಮ್ಮತ ರೂಪುಗೊಂಡ ಬಗೆ

ವಾಯುಮಂಡಲವು ಶಾಖವನ್ನು ಹಿಡಿದಿಡುತ್ತದೆ ಎಂಬ ಊಹೆಯನ್ನು ಫ್ರಾನ್ಸಿನ ಗಣಿತಜ್ಞ ಜೋಸೆಫ್ ಫೂರಿಯೆ 1824ರಲ್ಲಿ ಮಂಡಿಸಿದನು. ಇಂಗಾಲದ ಡೈಆಕ್ಸೈಡ್ ಬಿಸಿಲಿನಲ್ಲಿ ಹೆಚ್ಚು ಕಾಯುತ್ತದೆ ಎಂಬುದನ್ನು ಅಮೆರಿಕದ ಯೂನಿಸ್ ಫೂಟ್ 1856ರಲ್ಲಿ ತೋರಿಸಿದಳು. ಅವಕೆಂಪು ಕಿರಣಗಳನ್ನು, ಅಂದರೆ ಕಣ್ಣಿಗೆ ಕಾಣದ ಶಾಖಕಿರಣಗಳನ್ನು, ಕೆಲವು ಅನಿಲಗಳು ಹೀರಿಕೊಳ್ಳುವುದನ್ನು ಜಾನ್ ಟಿಂಡಾಲ್ 1859ರಿಂದ ಪ್ರಯೋಗಗಳ ಮೂಲಕ ಅಳೆದನು. ಈ ಅನಿಲ ಇಮ್ಮಡಿಯಾದರೆ ಭೂಮಿ ಎಷ್ಟು ಬಿಸಿಯಾದೀತು ಎಂಬ ಮೊದಲ ಲೆಕ್ಕವನ್ನು ಸ್ವೀಡನ್ನಿನ ಸ್ವಾಂಟೆ ಅರೀನಿಯಸ್ 1896ರಲ್ಲಿ ಮಾಡಿದನು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಅಳೆಯಲಾರಂಭಿಸಿದಾಗ ಗಾಳಿಯಲ್ಲಿ ಹತ್ತು ಲಕ್ಷ ಭಾಗಕ್ಕೆ ಸುಮಾರು 315 ಭಾಗದಷ್ಟಿದ್ದ ಇಂಗಾಲದ ಡೈಆಕ್ಸೈಡ್ ಇಂದು 420 ಭಾಗವನ್ನು ದಾಟಿದೆ.

ಹವಾಗುಣ ಬದಲಾವಣೆ ಕುರಿತ ಅಂತರ್ ಸರ್ಕಾರಿ ಸಮಿತಿ, ಅಂದರೆ ಐಪಿಸಿಸಿ, 1988ರಲ್ಲಿ ಸ್ಥಾಪನೆಯಾಯಿತು. ಅದು ತಾನೇ ಸಂಶೋಧನೆ ನಡೆಸದೆ, ಪ್ರಕಟವಾದ ಸಂಶೋಧನೆಗಳನ್ನು ಪರಿಶೀಲಿಸಿ ವರದಿ ಸಿದ್ಧಪಡಿಸುತ್ತದೆ. ಅದರ ಸಾರಾಂಶವನ್ನು ಸರ್ಕಾರಗಳ ಪ್ರತಿನಿಧಿಗಳು ಸಾಲು ಸಾಲಾಗಿ ಓದಿ ಒಪ್ಪಬೇಕಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೆ. ಶ್ರೀನಿವಾಸನ್, ಎನ್.ಎಚ್. ರವೀಂದ್ರನಾಥ್ ಮೊದಲಾದವರು ಈ ವರದಿಗಳ ರಚನೆಯಲ್ಲಿ ಭಾಗವಹಿಸಿದ್ದಾರೆ. ಮನುಷ್ಯ ಚಟುವಟಿಕೆಯಿಂದ ಭೂಮಿ ಬಿಸಿಯಾಗಿರುವುದು ನಿಸ್ಸಂದಿಗ್ಧ ಎಂದು 2021ರ ವರದಿ ಹೇಳಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧಕ್ಕೆ ಹೋಲಿಸಿದರೆ 2010–2019ರ ದಶಕದಲ್ಲಿ ಮನುಷ್ಯರಿಂದಾದ ಏರಿಕೆ ಸುಮಾರು 1.07 ಡಿಗ್ರಿ ಸೆಲ್ಸಿಯಸ್ ಎಂದು ಅದು ಅಂದಾಜು ಮಾಡಿತು. ಭಾರತದ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಪ್ರಕಟಿಸಿದ ವರದಿಯಂತೆ 1901ರಿಂದ 2018ರವರೆಗೆ ದೇಶದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಏರಿದ್ದು, 1951ರಿಂದ 2015ರ ನಡುವೆ ಮುಂಗಾರು ಮಳೆ ಸುಮಾರು ಶೇಕಡ 6ರಷ್ಟು ತಗ್ಗಿದೆ.

ಜಗತ್ತಿನಲ್ಲಿ ರಾಜಕೀಯ ಸಂದೇಹ

ಅಮೆರಿಕದ ವಿಜ್ಞಾನಿ ಜೇಮ್ಸ್ ಹ್ಯಾನ್ಸನ್ 1988ರ ಜೂನ್‌ನಲ್ಲಿ ಸೆನೆಟ್ ಸಮಿತಿಯ ಮುಂದೆ ಸಾಕ್ಷ್ಯ ನುಡಿದ ಮರುವರ್ಷವೇ ತೈಲ, ಕಲ್ಲಿದ್ದಲು ಮತ್ತು ಮೋಟಾರು ಉದ್ಯಮಗಳು ಸೇರಿ ಜಾಗತಿಕ ಹವಾಗುಣ ಒಕ್ಕೂಟವೆಂಬ ಸಂಘಟನೆಯನ್ನು ಕಟ್ಟಿದವು. ವಿಜ್ಞಾನ ಇನ್ನೂ ಖಚಿತವಾಗಿಲ್ಲ ಎಂಬ ಮಾತನ್ನು ಸಾರ್ವಜನಿಕರ ಮನಸ್ಸಿನಲ್ಲಿ ಉಳಿಸುವುದು ಇಂಥ ಸಂಘಟನೆಗಳ ತಂತ್ರವಾಗಿತ್ತು. ಹಿಂದುಳಿದ ದೇಶಗಳಿಗೆ ಹೊಣೆಯಿಲ್ಲದ ಯಾವ ಒಪ್ಪಂದಕ್ಕೂ ಸಹಿ ಹಾಕಬಾರದೆಂದು ಅಮೆರಿಕದ ಸೆನೆಟ್ 1997ರ ಜುಲೈನಲ್ಲಿ 95 ಮತಗಳಿಂದ, ಒಂದೂ ವಿರೋಧವಿಲ್ಲದೆ, ನಿರ್ಣಯಿಸಿತು. 2009ರ ನವೆಂಬರ್‌ನಲ್ಲಿ, ಕೋಪನ್‌ಹೇಗನ್ ಸಮ್ಮೇಳನದ ಹೊಸ್ತಿಲಲ್ಲಿ, ಬ್ರಿಟನ್ನಿನ ವಿಶ್ವವಿದ್ಯಾಲಯವೊಂದರ ವಿಜ್ಞಾನಿಗಳ ಕದ್ದ ಮಿಂಚಂಚೆಗಳು ಬಯಲಾದಾಗ ದತ್ತಾಂಶ ತಿರುಚಲಾಗಿದೆ ಎಂಬ ಆರೋಪ ಎದ್ದಿತು. ಹಲವು ಸ್ವತಂತ್ರ ವಿಚಾರಣೆಗಳು ಅದನ್ನು ತಳ್ಳಿಹಾಕಿದವು. 2015ರ ಫೆಬ್ರವರಿಯಲ್ಲಿ ಸೆನೆಟರ್ ಜೇಮ್ಸ್ ಇನ್‌ಹೋಫ್ ಸದನಕ್ಕೆ ಹಿಮದ ಉಂಡೆ ತಂದು ತೋರಿಸಿದ್ದು ಹವಾಮಾನವನ್ನೂ ಹವಾಗುಣವನ್ನೂ ಒಂದೆಂದು ಬಿಂಬಿಸುವ ವಾದಕ್ಕೆ ಪ್ರಸಿದ್ಧ ಉದಾಹರಣೆಯಾಯಿತು. ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಪ್ಯಾರಿಸ್ ಒಪ್ಪಂದದಿಂದ ಹೊರಬರುವ ನಿರ್ಧಾರವನ್ನು 2017ರಲ್ಲಿಯೂ ಮತ್ತೆ 2025ರಲ್ಲಿಯೂ ಪ್ರಕಟಿಸಿದರು. ವಿಜ್ಞಾನಿಗಳ ನಡುವೆ ಮಾತ್ರ ಇಂಥ ಒಡಕು ಕಂಡಿಲ್ಲ: ನವೋಮಿ ಒರೆಸ್ಕಿಸ್ 2004ರಲ್ಲಿ ಪರಿಶೀಲಿಸಿದ 928 ಪ್ರಬಂಧ ಸಾರಾಂಶಗಳಲ್ಲಿ ಒಮ್ಮತವನ್ನು ಅಲ್ಲಗಳೆದದ್ದು ಒಂದೂ ಇರಲಿಲ್ಲ, 2013ರ ಇನ್ನೊಂದು ಅಧ್ಯಯನ ಈ ವಿಷಯದಲ್ಲಿ ನಿಲುವು ತಳೆದ ಪ್ರಬಂಧಗಳಲ್ಲಿ ಶೇಕಡ 97ರಷ್ಟು ಒಮ್ಮತದ ಪರವೆಂದು ಕಂಡುಕೊಂಡಿತು.

ಭಾರತದಲ್ಲಿ

ಭಾರತದಲ್ಲಿ ಸಂದೇಹದ ಮೂಲ ನ್ಯಾಯದ ಪ್ರಶ್ನೆಯಲ್ಲಿದೆ. ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲಿ ಪ್ರಕಟಿಸಿದ ಕಿರುಹೊತ್ತಗೆಯು ಬಡ ದೇಶದ ಗದ್ದೆಯಿಂದ ಹೊಮ್ಮುವ ಅನಿಲವನ್ನು ಸಿರಿವಂತ ದೇಶದ ಕಾರಿನ ಹೊಗೆಯೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗಲಾಗದು ಎಂದು ವಾದಿಸಿತು. ಈ ವಾದ ವಿಜ್ಞಾನವನ್ನು ಅಲ್ಲಗಳೆಯದೆ ಹೊಣೆಯ ಹಂಚಿಕೆಯನ್ನು ಪ್ರಶ್ನಿಸಿದ್ದು, ಮುಂದೆ ಭಾರತದ ರಾಜತಾಂತ್ರಿಕ ನಿಲುವಿಗೆ ಆಧಾರವಾಯಿತು. ಆದರೆ ಲೆಕ್ಕ ಹಾಕಿದವರ ಮೇಲಿನ ಅಪನಂಬಿಕೆ ಕೆಲವೊಮ್ಮೆ ಲೆಕ್ಕದ ಮೇಲೂ ಹರಡಿತು.

ಇದಕ್ಕೆ ಎದ್ದು ಕಾಣುವ ನಿದರ್ಶನ 2009ರ ಹಿಮನದಿ ವಿವಾದ. ಆ ವರ್ಷದ ನವೆಂಬರ್‌ನಲ್ಲಿ ಪರಿಸರ ಸಚಿವ ಜೈರಾಮ್ ರಮೇಶ್ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ನಿವೃತ್ತ ಅಧಿಕಾರಿ ವಿ.ಕೆ. ರೈನಾ ಬರೆದ ಚರ್ಚಾಪತ್ರವನ್ನು ಬಿಡುಗಡೆ ಮಾಡಿದರು. ಹಿಮಾಲಯದ ಹಿಮನದಿಗಳು ಅಸಹಜವಾಗಿ ಕರಗುತ್ತಿವೆ ಎನ್ನಲು ಪುರಾವೆಯಿಲ್ಲ ಎಂಬುದು ಅದರ ವಾದವಾಗಿತ್ತು. ಐಪಿಸಿಸಿ ಅಧ್ಯಕ್ಷರಾಗಿದ್ದ ಆರ್.ಕೆ. ಪಚೌರಿ ಅದನ್ನು ಮಾಟಮಂತ್ರದ ವಿಜ್ಞಾನವೆಂದು ಜರಿದರು. ಆದರೆ 2035ರ ವೇಳೆಗೆ ಹಿಮಾಲಯದ ಹಿಮನದಿಗಳು ಕಣ್ಮರೆಯಾಗಬಹುದೆಂಬ ಐಪಿಸಿಸಿಯ 2007ರ ಹೇಳಿಕೆಗೆ ಸರಿಯಾದ ಆಧಾರವಿಲ್ಲವೆಂಬುದು ಬೆಳಕಿಗೆ ಬಂದು, 2010ರ ಜನವರಿಯಲ್ಲಿ ಆ ಸಂಸ್ಥೆಯೇ ತಪ್ಪನ್ನು ಒಪ್ಪಿಕೊಂಡಿತು. ಈ ಪ್ರಸಂಗದಲ್ಲಿ ಸಚಿವಾಲಯದ ಅನುಮಾನ ಒಂದು ಇಸವಿಯ ಮಟ್ಟಿಗೆ ಸರಿಯಾಗಿದ್ದು, ಹಿಮನದಿಗಳು ಕ್ಷೇಮವಾಗಿವೆ ಎಂಬ ಧ್ವನಿಯ ಮಟ್ಟಿಗೆ ತಪ್ಪಾಗಿತ್ತು. ನಂತರದ ಅಳತೆಗಳು ಹಿಮರಾಶಿ ಕುಗ್ಗುತ್ತಿರುವುದನ್ನು ದೃಢಪಡಿಸಿವೆ. 2014ರ ಶಿಕ್ಷಕರ ದಿನದಂದು ಪ್ರಧಾನಿ ನರೇಂದ್ರ ಮೋದಿ ವಿದ್ಯಾರ್ಥಿಯೊಬ್ಬರ ಪ್ರಶ್ನೆಗೆ ಉತ್ತರಿಸುತ್ತ, ಬದಲಾಗಿರುವುದು ಹವಾಗುಣವಲ್ಲ, ನಾವು ಎಂಬ ಅರ್ಥದ ಮಾತನ್ನಾಡಿದ್ದು ಟೀಕೆಗೆ ಗುರಿಯಾಯಿತಾದರೂ, ಅವರ ಸರ್ಕಾರ ಪ್ಯಾರಿಸ್ ಒಪ್ಪಂದಕ್ಕೆ ಸೇರಿ, 2070ರ ವೇಳೆಗೆ ನಿವ್ವಳ ಹೊರಸೂಸುವಿಕೆಯನ್ನು ಸೊನ್ನೆಗಿಳಿಸುವ ಗುರಿಯನ್ನು 2021ರಲ್ಲಿ ಘೋಷಿಸಿತು.

ಚಿನ್ನದ ಗಣಿ, ವಿಶ್ವಕಿರಣ ಮತ್ತು ಯು.ಆರ್. ರಾವ್ ಪ್ರಬಂಧ

ಬಾಹ್ಯಾಕಾಶದಿಂದ ಭೂಮಿಯ ಮೇಲೆ ಸದಾ ಸುರಿಯುವ, ಅತಿ ಶಕ್ತಿಯುತ ಕಣಗಳ ಪ್ರವಾಹಕ್ಕೆ ವಿಶ್ವಕಿರಣಗಳೆಂದು ಹೆಸರು. ಅವು ವಾಯುಮಂಡಲಕ್ಕೆ ಬಡಿದಾಗ ಮ್ಯೂಆನ್ ಎಂಬ ಕಣಗಳು ಹುಟ್ಟಿ ನೆಲವನ್ನು ಭೇದಿಸಿ ಆಳಕ್ಕಿಳಿಯುತ್ತವೆ. ಜಾನ್ ಟೇಲರ್ ಮತ್ತು ಕಂಪನಿ 1880ರ ದಶಕದಿಂದ ನಡೆಸಿದ, ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ತೋಡಲಾದ ಕೋಲಾರದ ಗಣಿಗಳು ಈ ಕಣಗಳನ್ನು ಅಳೆಯಲು ಒದಗಿದ್ದವು. ಹೋಮಿ ಭಾಭಾ ಅವರ ಸಲಹೆಯಂತೆ ಮೈಸೂರು ಸೀಮೆಯ ಬಿ.ವಿ. ಶ್ರೀಕಂಠನ್ 1951ರಲ್ಲಿ ಇಲ್ಲಿ ಅಳತೆ ಆರಂಭಿಸಿದರು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯದ ತಂಡ ಚಾಂಪಿಯನ್ ರೀಫ್ ಗಣಿಯಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊ ಕಣಗಳ ಸುಳಿವನ್ನು ಜಗತ್ತಿನಲ್ಲೇ ಮೊದಲಿಗರ ಸಾಲಿನಲ್ಲಿ ಪತ್ತೆಹಚ್ಚಿತು. ಪ್ರೋಟಾನ್ ಕ್ಷಯವನ್ನು ಹುಡುಕುವ ಪ್ರಯೋಗ 1980ರ ದಶಕದಲ್ಲಿ ನಡೆಯಿತು. ಈ ಪ್ರಯೋಗಗಳಿಗೆ ಹವಾಗುಣದೊಂದಿಗೆ ನೇರ ಸಂಬಂಧವಿರಲಿಲ್ಲ. ಆದರೆ ವಿಶ್ವಕಿರಣ ಸಂಶೋಧನೆ ಭಾರತದಲ್ಲಿ ಎಷ್ಟು ಆಳವಾಗಿ ಬೇರೂರಿತ್ತೆಂಬುದನ್ನು ಅವು ತೋರಿಸುತ್ತವೆ. ಆ ಪರಂಪರೆಯಿಂದಲೇ ಬಂದ ವಿಜ್ಞಾನಿಯೊಬ್ಬರು ಮುಂದೆ ಹವಾಗುಣ ಒಮ್ಮತವನ್ನು ಪ್ರಶ್ನಿಸಿದರು.

ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿ, ವಿಕ್ರಮ್ ಸಾರಾಭಾಯಿ ಅವರ ಬಳಿ ವಿಶ್ವಕಿರಣ ಕುರಿತು ಸಂಶೋಧನೆ ನಡೆಸಿ, 1984ರಿಂದ 1994ರವರೆಗೆ ಇಸ್ರೋ ಅಧ್ಯಕ್ಷರಾಗಿದ್ದ ಯು.ಆರ್. ರಾವ್, 2011ರ ಜನವರಿಯಲ್ಲಿ ಬೆಂಗಳೂರಿನ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಸೂರ್ಯನ ಕಾಂತೀಯ ಚಟುವಟಿಕೆ ಹೆಚ್ಚಿದಂತೆ ಭೂಮಿಗೆ ತಲುಪುವ ವಿಶ್ವಕಿರಣ ತಗ್ಗುತ್ತದೆ, ವಿಶ್ವಕಿರಣ ತಗ್ಗಿದರೆ ಕೆಳಮಟ್ಟದ ಮೋಡಗಳು ಕಡಿಮೆಯಾಗುತ್ತವೆ, ಮೋಡ ಕಡಿಮೆಯಾದಷ್ಟೂ ಭೂಮಿ ಬಿಸಿಯಾಗುತ್ತದೆ ಎಂಬ ಡೆನ್ಮಾರ್ಕಿನ ಸಂಶೋಧಕರ ಊಹೆಯನ್ನು ಆಧರಿಸಿ, ಕಳೆದ ಒಂದೂವರೆ ಶತಮಾನದ ತಾಪ ಏರಿಕೆಯಲ್ಲಿ ಈ ಕಾರಣದ ಪಾಲು ಗಣನೀಯ, ಆದ್ದರಿಂದ ಐಪಿಸಿಸಿಯ ಮುನ್ಸೂಚನೆಗಳನ್ನು ಮರುಪರಿಶೀಲಿಸಬೇಕು ಎಂಬುದು ಅವರ ವಾದವಾಗಿತ್ತು. ಪರಿಸರ ಸಚಿವಾಲಯ ಈ ಪ್ರಬಂಧವನ್ನು ಚರ್ಚೆಗಾಗಿ ಮುಂದಿಟ್ಟಿದ್ದರಿಂದ ಅದಕ್ಕೆ ರಾಜಕೀಯ ಮಹತ್ವವೂ ಬಂದಿತು.

ರಾವ್ ಅವರ ಸಂದೇಹ ವೈಜ್ಞಾನಿಕ ರೀತಿಯದು. ಅವರು ಅಂಕಿಗಳನ್ನು ಕೊಟ್ಟರು, ಕಾರಣದ ಸರಪಳಿಯನ್ನು ಬಿಡಿಸಿಟ್ಟರು, ಹೀಗಾಗಿ ಇತರರು ಅದನ್ನು ಪರೀಕ್ಷಿಸುವುದು ಸಾಧ್ಯವಾಯಿತು. ಪರೀಕ್ಷೆಯಲ್ಲಿ ಆ ಸರಪಳಿ ನಿಲ್ಲಲಿಲ್ಲ. ಉಷ್ಣತೆ ವೇಗವಾಗಿ ಏರಿದ 1980ರ ನಂತರದ ದಶಕಗಳಲ್ಲಿ ವಿಶ್ವಕಿರಣದ ಪ್ರಮಾಣ ಅದಕ್ಕೆ ತಕ್ಕಂತೆ ತಗ್ಗಿರಲಿಲ್ಲ. ಅಷ್ಟೇ ಅಲ್ಲ, ಸೂರ್ಯ ಶಾಂತವಾಗಿದ್ದ 2009ರಲ್ಲಿ ಅದು ಬಾಹ್ಯಾಕಾಶ ಯುಗದ ಅತ್ಯಂತ ಹೆಚ್ಚಿನ ಮಟ್ಟ ಮುಟ್ಟಿತ್ತು. ಜಿನೀವಾ ಬಳಿಯ ಸೆರ್ನ್ ಪ್ರಯೋಗಾಲಯದ ಕ್ಲೌಡ್ ಪ್ರಯೋಗವು ವಿಶ್ವಕಿರಣ ಸೂಕ್ಷ್ಮ ಕಣಗಳ ಹುಟ್ಟಿಗೆ ನೆರವಾಗುವುದನ್ನು ತೋರಿಸಿದರೂ, ಅದರ ಏರಿಳಿತ ಮೋಡಗಳನ್ನು ಗಮನಾರ್ಹವಾಗಿ ಬದಲಿಸುವಷ್ಟು ದೊಡ್ಡದಲ್ಲವೆಂಬ ತೀರ್ಮಾನಕ್ಕೆ 2016ರ ವೇಳೆಗೆ ಬಂದಿತು.

ಬಂಗಾರಪೇಟೆ ಸೀಮೆಯ ಮಳೆ ಮತ್ತು ನೀರು

ಪಾಲಾರ್, ದಕ್ಷಿಣ ಪಿನಾಕಿನಿ ಮೊದಲಾದ ಮಳೆಗಾಲದ ಹೊಳೆಗಳ ಮೇಲ್ದಂಡೆಯಲ್ಲಿರುವ ಕೋಲಾರ ಜಿಲ್ಲೆಗೆ ವರ್ಷಕ್ಕೆ ಸುಮಾರು 700ರಿಂದ 750 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಹೆಚ್ಚಿನ ಪಾಲು ಮುಂಗಾರಿನ ಕೊನೆ ಮತ್ತು ಹಿಂಗಾರಿನ ಆರಂಭದಲ್ಲಿ ಬರುವುದರಿಂದ ಆ ಕೆಲವು ವಾರಗಳ ಮಳೆಯನ್ನು ಹಿಡಿದಿಡಲು ಹಿಂದಿನವರು ಸಾವಿರಾರು ಕೆರೆಗಳನ್ನು ಸರಣಿಯಾಗಿ ಕಟ್ಟಿದರು. ಪಾಲಾರ್ ನದಿಗೆ ಅಡ್ಡಲಾಗಿರುವ ಬೇತಮಂಗಲದ ಕೆರೆ ಗಣಿ ಪಟ್ಟಣಕ್ಕೆ ನೀರುಣಿಸುತ್ತಿತ್ತು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಗಣಿಗಳಿಗೆ ತಲುಪಿತು. ಭಾರತ್ ಗೋಲ್ಡ್ ಮೈನ್ಸ್ ನಿಗಮ 2001ರ ಫೆಬ್ರವರಿ 28ರಂದು ಗಣಿಗಳನ್ನು ಮುಚ್ಚಿದ ಮೇಲೆ ಕೆಜಿಎಫ್ ಪಟ್ಟಣದ ದುಡಿಯುವ ಜನ ಪ್ರತಿದಿನ ಬಂಗಾರಪೇಟೆ ಮಾರ್ಗದ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವಂತಾಯಿತು.

ಕೆರೆಗಳ ಜಾಗವನ್ನು ಕೊಳವೆಬಾವಿಗಳು ಹಿಡಿದ ಮೇಲೆ ಸಾವಿರ ಅಡಿಗೂ ಆಳಕ್ಕೆ ಕೊರೆಯುವುದು ಸಾಮಾನ್ಯವಾಗಿ, ಫ್ಲೋರೈಡ್ ಬೆರೆತ ನೀರು ಮೇಲೆ ಬಂದಿತು. ಜಿಲ್ಲೆಯ ಅಂತರ್ಜಲ ಅತಿಬಳಕೆಯ ವರ್ಗಕ್ಕೆ ಸೇರಿತು. ಈ ಸಂಕಷ್ಟದಲ್ಲಿ ಹವಾಗುಣದ ಪಾಲೆಷ್ಟು, ಅತಿಯಾಗಿ ನೀರೆತ್ತಿದ್ದರ ಪಾಲೆಷ್ಟು ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ದೀರ್ಘಕಾಲದ ಬರಗಳ ನಂತರ 2021ರ ನವೆಂಬರ್‌ನಲ್ಲಿ ಸುರಿದ ಭಾರಿ ಮಳೆ ಕೋಲಾರದ ಕೆರೆಗಳನ್ನು ಕೋಡಿಹರಿಸಿ ಪಾಲಾರ್ ನದಿಯಲ್ಲಿ ತಮಿಳುನಾಡಿನವರೆಗೆ ಪ್ರವಾಹ ತಂದಿತು. ಕೆರೆ ತುಂಬಿದ ವರ್ಷ ಹವಾಗುಣ ಬದಲಾವಣೆಯ ಮಾತು ಮರೆತುಹೋಗುವುದು, ಬತ್ತಿದ ವರ್ಷ ಎಲ್ಲಕ್ಕೂ ಅದೇ ಕಾರಣವೆನ್ನುವುದು ಎರಡೂ ಅವೈಜ್ಞಾನಿಕ; ಬಿಸಿಯಾದ ಗಾಳಿ ಹೆಚ್ಚು ತೇವವನ್ನು ಹೊರುವುದರಿಂದ ಒಣ ಅವಧಿಗಳೂ ಬಿರುಮಳೆಯೂ ಒಟ್ಟಿಗೆ ಹೆಚ್ಚಬಲ್ಲವು ಎಂಬುದೇ ಒಮ್ಮತದ ಸಾರ.

ನೀಲಗಿರಿ ವಿವಾದ

ವಿಜ್ಞಾನ ಮತ್ತು ಆಡಳಿತದ ಮುಖಾಮುಖಿ ಈ ಜಿಲ್ಲೆಯಲ್ಲಿ ಮೊದಲು ತೀವ್ರವಾಗಿ ಕಂಡದ್ದು ನೀಲಗಿರಿ ಮರದ ವಿಷಯದಲ್ಲಿ. ಸಾಮಾಜಿಕ ಅರಣ್ಯ ಯೋಜನೆಯಡಿ ಅರಣ್ಯ ಇಲಾಖೆ ಕಡಿಮೆ ಬೆಲೆಗೆ ಸಸಿ ಹಂಚಿದ್ದರಿಂದಲೂ ಹರಿಹರದ ನಾರು ಕಾರ್ಖಾನೆಯಂಥ ಉದ್ಯಮಗಳಿಂದ ಬೇಡಿಕೆ ಬಂದದ್ದರಿಂದಲೂ ರಾಗಿ ಹೊಲಗಳು ನೀಲಗಿರಿ ತೋಪುಗಳಾದವು. ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಗಾಗಿ ವಂದನಾ ಶಿವ, ಎಚ್.ಸಿ. ಶರತ್‌ಚಂದ್ರ ಮತ್ತು ಜಯಂತ ಬಂಡೋಪಾಧ್ಯಾಯ 1981ರಲ್ಲಿ ಸಿದ್ಧಪಡಿಸಿದ ಕೋಲಾರ ಅಧ್ಯಯನ ಆಹಾರ ಬೆಳೆ, ಕೂಲಿ ಕೆಲಸ ಹಾಗೂ ನೀರಿನ ಮೇಲೆ ಇದರ ಪರಿಣಾಮವನ್ನು ಎತ್ತಿ ತೋರಿಸಿತು. 1983ರ ಆಗಸ್ಟ್‌ನಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗರು ಅರಣ್ಯ ಸಸ್ಯಕ್ಷೇತ್ರಕ್ಕೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು ಹುಣಸೆ, ಮಾವು ನೆಟ್ಟರು. ಮರ ನೀರು ಹೀರುತ್ತದೆಂಬುದು ಮೂಢನಂಬಿಕೆ ಎಂಬುದು ಅಂದಿನ ಇಲಾಖೆಯ ನಿಲುವಾಗಿತ್ತು.

ನಿರ್ಣಾಯಕ ಅಳತೆಗಳು ನಿಧಾನವಾಗಿ ಬಂದವು. ಬ್ರಿಟನ್ನಿನ ಜಲವಿಜ್ಞಾನ ಸಂಸ್ಥೆಯ ಇಯಾನ್ ಕಾಲ್ಡರ್ ಮತ್ತು ಕರ್ನಾಟಕದ ಅರಣ್ಯ ಸಂಶೋಧಕರು ಸೇರಿ ನಡೆಸಿದ ಅಧ್ಯಯನದಲ್ಲಿ, ತೆಳುಮಣ್ಣಿನ ಜಾಗಗಳಲ್ಲಿ ನೀಲಗಿರಿ ಬಳಸುವ ನೀರು ನಾಡಿನ ಎಲೆಯುದುರುವ ಕಾಡಿಗಿಂತ ಹೆಚ್ಚಲ್ಲವೆಂಬುದೂ, ಕೋಲಾರಕ್ಕೆ ಹೊಂದಿಕೊಂಡ ಹೊಸಕೋಟೆಯ ಆಳ ಮಣ್ಣಿನ ಹೊಲದಲ್ಲಿ ಮರದ ಬೇರು ಕೆಳಗಿಳಿದು ಬಿದ್ದ ಮಳೆಗಿಂತಲೂ ಹೆಚ್ಚು ನೀರನ್ನು ಎಳೆಯುವುದೂ ಕಂಡುಬಂತು. ಎರಡೂ ಪಕ್ಷಗಳ ವಾದದಲ್ಲಿ ಸತ್ಯವಿತ್ತು. ಆದರೆ ಕೋಲಾರ ಸೀಮೆಯ ಆಳ ಮಣ್ಣಿನ ಹೊಲಗಳಿಗೆ ಅನ್ವಯಿಸುವ ಸತ್ಯ ರೈತರ ಕಡೆಯದಾಗಿತ್ತು. 1997ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾದ ಈ ಫಲಿತಾಂಶ ಸರ್ಕಾರಿ ಆದೇಶವಾಗಲು ಇಪ್ಪತ್ತು ವರ್ಷ ಹಿಡಿಯಿತು. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ನಿಷೇಧಿಸಿದ್ದು 2017ರಲ್ಲಿ.

ಎತ್ತಿನಹೊಳೆ ಮತ್ತು ಘಟ್ಟದ ವರದಿಗಳು

ಸಕಲೇಶಪುರದ ಬಳಿ ನೇತ್ರಾವತಿಯ ಮೇಲ್ಭಾಗದ ತೊರೆಗಳಾದ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳ ಮಳೆಗಾಲದ ನೀರನ್ನು ಎತ್ತಿ ಕೋಲಾರ, ಚಿಕ್ಕಬಳ್ಳಾಪುರವೂ ಸೇರಿ ಬಯಲುಸೀಮೆಯ ಜಿಲ್ಲೆಗಳಿಗೆ ಹರಿಸುವ ಯೋಜನೆಗೆ 2012ರಲ್ಲಿ ಆಡಳಿತಾತ್ಮಕ ಒಪ್ಪಿಗೆ ದೊರೆಯಿತು. ಆಗ ಸುಮಾರು 8,323 ಕೋಟಿ ರೂಪಾಯಿ ಇದ್ದ ಅಂದಾಜು ವೆಚ್ಚ ಮುಂದೆ 23,000 ಕೋಟಿಯನ್ನು ಮೀರಿತು. 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತದ ನೀರೆತ್ತುವಿಕೆ ಉದ್ಘಾಟನೆಯಾಯಿತು. ವರ್ಷಕ್ಕೆ 24.01 ಟಿಎಂಸಿ ನೀರು ಸಿಗುತ್ತದೆಂಬುದು ಸರ್ಕಾರದ ಲೆಕ್ಕ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ 2015ರಲ್ಲಿ ಆ ಜಲಾನಯನದ ಒಟ್ಟು ಇಳುವರಿಯೇ ಸುಮಾರು 9.55 ಟಿಎಂಸಿ ಎಂದು ಅಂದಾಜು ಮಾಡಿತು. ಈ ಅಂತರ ಚಿಕ್ಕದಲ್ಲ. ಇಷ್ಟಾದರೂ ಸದನದಲ್ಲಿಯಾಗಲಿ ಚುನಾವಣಾ ವೇದಿಕೆಯಲ್ಲಿಯಾಗಲಿ ಎರಡು ಲೆಕ್ಕಗಳ ವಿಧಾನವನ್ನು ಹೋಲಿಸುವ ಚರ್ಚೆಗಿಂತ, ಪ್ರಶ್ನಿಸಿದವರನ್ನು ಬಯಲುಸೀಮೆಯ ವಿರೋಧಿಗಳೆನ್ನುವ ಮಾತೇ ಮುಂದಾಯಿತು. ಎರಡೂ ಲೆಕ್ಕಗಳು ಹಿಂದಿನ ಮಳೆಯ ದಾಖಲೆಯನ್ನೇ ನಂಬುತ್ತವೆ. ಹವಾಗುಣ ಬದಲಾವಣೆಯನ್ನು ಒಪ್ಪುವ ಆಡಳಿತ ಮುಂದಿನ ಮಳೆಯೂ ಹಿಂದಿನಂತೆಯೇ ಇರುತ್ತದೆಂಬ ಈ ಆಧಾರವನ್ನೂ ಪರೀಕ್ಷಿಸಬೇಕಾಗುತ್ತದೆ.

ಈ ನೀರಿನ ಮೂಲ ಪಶ್ಚಿಮಘಟ್ಟದ ಕಾಡು. ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರಲ್ಲಿಯೂ ಕೆ. ಕಸ್ತೂರಿರಂಗನ್ ನೇತೃತ್ವದ ಸಮಿತಿ 2013ರಲ್ಲಿಯೂ ಘಟ್ಟದ ರಕ್ಷಣೆಗೆ ವರದಿ ಕೊಟ್ಟವು. ಎರಡನೆಯ ವರದಿ ಕರ್ನಾಟಕದ 20,668 ಚದರ ಕಿಲೋಮೀಟರನ್ನು ಪರಿಸರಸೂಕ್ಷ್ಮ ಪ್ರದೇಶವೆಂದು ಗುರುತಿಸಿತು. ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಅದನ್ನು ವಿರೋಧಿಸುತ್ತಲೇ ಬಂದವು. ವಯನಾಡಿನ ಭೂಕುಸಿತ ಸಂಭವಿಸಿದ ಎರಡೇ ತಿಂಗಳಲ್ಲಿ, 2024ರ ಸೆಪ್ಟೆಂಬರ್ 26ರಂದು, ರಾಜ್ಯ ಸಚಿವ ಸಂಪುಟ ಮತ್ತೊಮ್ಮೆ ತಿರಸ್ಕರಿಸಿತು. ಮಲೆನಾಡಿನ ಜನರಿಗೆ ಒಕ್ಕಲೆಬ್ಬಿಸುವ ಭಯವಿತ್ತು ಎಂಬುದು ನಿಜ, ಆ ಭಯಕ್ಕೆ ಉತ್ತರ ಕೊಡುವುದೂ ಆಡಳಿತದ ಹೊಣೆ. ಆದರೆ ಅದೇ ತಿಂಗಳಲ್ಲಿ ಘಟ್ಟದ ನೀರಿನ ಭರವಸೆಯನ್ನು ಉದ್ಘಾಟಿಸಿದ ಸರ್ಕಾರವೇ ಆ ನೀರನ್ನು ಹಿಡಿದಿಡುವ ಕಾಡಿನ ವರದಿಯನ್ನು ಕೈಬಿಟ್ಟಿತು.

ಕೆ.ಸಿ. ವ್ಯಾಲಿ ಯೋಜನೆ

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಚರಂಡಿ ನೀರನ್ನು ಸಂಸ್ಕರಿಸಿ ದಿನಕ್ಕೆ 440 ದಶಲಕ್ಷ ಲೀಟರಿನಂತೆ ಕೋಲಾರದ ನೂರಕ್ಕೂ ಹೆಚ್ಚು ಕೆರೆಗಳಿಗೆ ತುಂಬಿ ಅಂತರ್ಜಲ ಹೆಚ್ಚಿಸುವ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ತಲುಪಿತು. ಜುಲೈನಲ್ಲಿ ಅಲ್ಲಿ ನೊರೆ ಕಾಣಿಸಿಕೊಂಡಾಗ, ಶಾಶ್ವತ ನೀರಾವರಿ ಹೋರಾಟ ಸಮಿತಿಯ ಆರ್. ಆಂಜನೇಯ ರೆಡ್ಡಿ ಅವರ ಅರ್ಜಿಯ ಮೇಲೆ ಹೈಕೋರ್ಟ್ ತಡೆ ನೀಡಿತು. ಆ ತಡೆ ತೆರವಾದ ಬಳಿಕ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೆ ತಡೆದು ಕೆಲವು ತಿಂಗಳಲ್ಲಿ ನೀರು ಹರಿಯಲು ಅವಕಾಶ ಕೊಟ್ಟಿತು. ಜೈವಿಕ ಕ್ರಿಯೆಯಿಂದ ಸಾವಯವ ಕೊಳೆಯನ್ನು ತೆಗೆಯುವ ಎರಡನೆಯ ಹಂತದ ಸಂಸ್ಕರಣೆ ಸಾಕೆಂಬುದು ಸರ್ಕಾರದ ವಾದವಾದರೆ, ಸಾರಜನಕ, ರಂಜಕ, ಭಾರಲೋಹ ಮತ್ತು ರೋಗಾಣುಗಳನ್ನು ನಿವಾರಿಸುವ ಮೂರನೆಯ ಹಂತವೂ ಬೇಕೆಂಬುದು ಹೋರಾಟಗಾರರ ಬೇಡಿಕೆ. ಕೆರೆಗಳ ಸುತ್ತ ಅಂತರ್ಜಲ ಮಟ್ಟ ಏರಿರುವುದನ್ನು ವಿಜ್ಞಾನ ಸಂಸ್ಥೆಯ ಅಧ್ಯಯನಗಳು ದಾಖಲಿಸಿವೆ. ನೀರಿನ ಗುಣಮಟ್ಟದ ಪ್ರಶ್ನೆ ಮಾತ್ರ ಮಟ್ಟದ ಅಳತೆಯಿಂದ ಬಗೆಹರಿಯುವಂಥದ್ದಲ್ಲ.

ಮೇಲುನೋಟಕ್ಕೆ ಇದು ತಜ್ಞರನ್ನು ನಂಬದ ಜನರ ಕಥೆಯಂತೆ ಕಾಣಬಹುದು. ಆದರೆ ಇಲ್ಲಿ ಸಂದೇಹಪಟ್ಟವರು ಕೇಳಿದ್ದು ಇನ್ನಷ್ಟು ಪರೀಕ್ಷೆ, ಇನ್ನೊಂದು ಹಂತದ ಶುದ್ಧೀಕರಣ, ಬಹಿರಂಗವಾದ ವರದಿ. ಯಾವುದು ದೊರೆತರೆ ಸಮಾಧಾನವೆಂಬುದನ್ನು ಅವರು ಮೊದಲೇ ಹೇಳಿದ್ದರು. ಆದ್ದರಿಂದ ಈ ಸಂದೇಹವನ್ನು ಹವಾಗುಣ ನಿರಾಕರಣದ ಸಾಲಿಗೆ ಸೇರಿಸುವುದು ತಪ್ಪಾಗುತ್ತದೆ. ಬರ ಹೆಚ್ಚುವ ಕಾಲದಲ್ಲಿ ಬಳಸಿದ ನೀರನ್ನು ಮರುಬಳಸುವುದು ಅನಿವಾರ್ಯ ಎಂಬುದನ್ನು ಒಪ್ಪಿಕೊಂಡೇ ಅದರ ಗುಣಮಟ್ಟವನ್ನು ಪ್ರಶ್ನಿಸುವುದಕ್ಕೆ ಇಲ್ಲಿ ಅವಕಾಶವಿದೆ.

ಬರದ ರಾಜಕಾರಣ

ಬರ ಬಂದಾಗ ಮುಖ್ಯಮಂತ್ರಿಗಳ ಕಾಲ್ಗುಣವನ್ನು ಹಳಿಯುವುದು, ಮಳೆ ಬಂದಾಗ ಅದೇ ಕಾಲ್ಗುಣವನ್ನು ಹೊಗಳುವುದು ಕರ್ನಾಟಕದ ರಾಜಕೀಯ ಭಾಷಣಗಳಲ್ಲಿ ಸಾಮಾನ್ಯ. 2019ರ ಜೂನ್‌ನಲ್ಲಿ ಮುಜರಾಯಿ ಇಲಾಖೆ ತನ್ನ ದೇವಾಲಯಗಳಲ್ಲಿ ಮಳೆಗಾಗಿ ಪರ್ಜನ್ಯ ಜಪ ನಡೆಸಲು ಸೂಚಿಸಿತು. ಇದೇ ರಾಜ್ಯದಲ್ಲಿ 1988ರಲ್ಲಿ ಬರ ನಿಗಾ ಘಟಕವಾಗಿ ಆರಂಭವಾದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದವರೆಗೆ ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಿದ್ದು, ದೇಶದಲ್ಲಿಯೇ ಸಾಂದ್ರವಾದ ಮಳೆ ದಾಖಲೆಯನ್ನು ಹೊಂದಿದೆ. 2023ರಲ್ಲಿ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಲು, ಕೇಂದ್ರದಿಂದ 18,171 ಕೋಟಿ ರೂಪಾಯಿ ಪರಿಹಾರ ಕೋರಲು, ಅದು ಬಾರದಿದ್ದಾಗ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಲು ಸರ್ಕಾರಕ್ಕೆ ಮಳೆಕೊರತೆ, ಮಣ್ಣಿನ ತೇವ, ಬೆಳೆಹಾನಿಗಳ ವೈಜ್ಞಾನಿಕ ಅಂಕಿಗಳೇ ಆಧಾರವಾಗಿದ್ದವು.

ಮೌಲ್ಯಮಾಪನ

ಈ ಪ್ರಸಂಗಗಳನ್ನು ಒಟ್ಟಿಗಿಟ್ಟು ನೋಡಿದಾಗ ಒಂದು ಕ್ರಮ ಕಾಣುತ್ತದೆ. ಅಮೆರಿಕದ ರಾಜಕೀಯ ಸಂದೇಹ ವಿಜ್ಞಾನದ ತೀರ್ಮಾನವನ್ನೇ ಅಲ್ಲಗಳೆಯುತ್ತದೆ. ಕರ್ನಾಟಕದ್ದು ತೀರ್ಮಾನವನ್ನು ಒಪ್ಪಿಕೊಂಡು ಅದರ ಉಪಯೋಗವನ್ನು ಆಯ್ದುಕೊಳ್ಳುತ್ತದೆ. ಪರಿಹಾರದ ಹಣ ಕೇಳುವಾಗ ವಿಜ್ಞಾನಕ್ಕೆ ಮನ್ನಣೆ ಸಿಗುತ್ತದೆ. ನೆಡುತೋಪನ್ನೋ, ಕಾಲುವೆಯನ್ನೋ, ಗಣಿಗಾರಿಕೆಯನ್ನೋ ಮಿತಿಗೊಳಿಸು ಎಂದು ಅದು ಹೇಳಿದಾಗ ಇನ್ನೊಂದು ಸಮಿತಿಯ ನೇಮಕವಾಗುತ್ತದೆ. ಈ ಆಯ್ಕೆ ಒಂದು ಪಕ್ಷಕ್ಕೆ ಸೀಮಿತವಲ್ಲದಿರುವುದರಿಂದ ಚುನಾವಣೆಯಲ್ಲಿ ಅದು ಪ್ರಶ್ನೆಯಾಗುವುದೂ ಅಪರೂಪ.

ಮಾರ್ಕಂಡೇಯ ನದಿಗೆ ಯರಗೋಳಿನಲ್ಲಿ ಕಟ್ಟಿ, ಬಂಗಾರಪೇಟೆ, ಕೋಲಾರ, ಮಾಲೂರು ಪಟ್ಟಣಗಳ ಕುಡಿಯುವ ನೀರಿಗಾಗಿ 2023ರ ನವೆಂಬರ್‌ನಲ್ಲಿ ಉದ್ಘಾಟಿಸಲಾದ ಅಣೆಕಟ್ಟು ಸ್ಥಳೀಯ ಮಳೆಯನ್ನೇ ನೆಚ್ಚಿದೆ. ಎತ್ತಿನಹೊಳೆಯದು ಘಟ್ಟದ ಮಳೆ, ಕೆ.ಸಿ. ವ್ಯಾಲಿಯದು ಬೆಂಗಳೂರಿಗೆ ಬರುವ ಕಾವೇರಿ. ಕೋಲಾರ ಸೀಮೆಯ ಮೂರು ನೀರಿನ ಮೂಲಗಳೂ ಹೀಗೆ ಮುಂಗಾರು–ಹಿಂಗಾರುಗಳ ಮುಂದಿನ ನಡೆಯ ಮೇಲೆ ನಿಂತಿರುವಾಗ, ಪ್ರತಿಯೊಂದು ಯೋಜನೆಯ ಇಳುವರಿಯನ್ನು ಬದಲಾಗುವ ಮಳೆಯ ಹಲವು ಸಾಧ್ಯತೆಗಳಿಗೆ ಒಡ್ಡಿ ಲೆಕ್ಕ ಹಾಕುವುದು, ಆ ಲೆಕ್ಕವನ್ನು ವಿಧಾನಸಹಿತ ಬಹಿರಂಗಪಡಿಸುವುದು, ಅಳತೆ ಬೇರೆಯಾದಾಗ ಯೋಜನೆಯನ್ನು ತಿದ್ದುವುದು ಆಡಳಿತದ ಕನಿಷ್ಠ ಕರ್ತವ್ಯಗಳಾಗುತ್ತವೆ. ನೀಲಗಿರಿಯ ವಿಷಯದಲ್ಲಿ ಅಳತೆ ಮತ್ತು ಆದೇಶದ ನಡುವೆ ಎರಡು ದಶಕ ಕಳೆದವು. ಅಂತರ್ಜಲ ಬರಿದಾಗಿರುವ ಜಿಲ್ಲೆಗೆ ಅಷ್ಟೇ ದೀರ್ಘವಾದ ಇನ್ನೊಂದು ವಿಳಂಬವನ್ನು ತಾಳುವ ಶಕ್ತಿಯಿಲ್ಲ.